ದೇವೀರಕ್ಕನ ಡಬ್ಬಿ ಕಾಯ್ದವರು

ದೇವೀರಕ್ಕ ಮಾತಾಡುವಾಗ ಆಕಾಶ ನೋಡುತ್ತಿದ್ದರು. ಭಕ್ತಿಯಿಂದಲ್ಲ. ಬಾಯಿ ತುಂಬ ಎಲೆ, ಅಡಿಕೆ, ಸುಣ್ಣ, ಅದರ ಮೇಲೊಂದು ಚಿಟಿಕೆ ಹೊಗೆಸೊಪ್ಪಿನ ಕಡ್ಡಿಪುಡಿ. ಗದ್ದ ಮೇಲೆತ್ತದೆ ಮಾತಾಡಿದರೆ ಆ ಕೆಂಪು ರಸ ಸೆರಗಿನ ಮೇಲಿಳಿಯುತ್ತಿತ್ತು. ನಜರ್‌ಬಾದಿನ ನಮ್ಮ ಊದುಬತ್ತಿ ಶೆಡ್ಡಿಗೆ ಹೊಸದಾಗಿ ಸೇರಿದವರು ಈಕೆ ಯಾರಿಗೆ ಬೈಯುತ್ತಿದ್ದಾರೆಂದು ತಿಳಿಯದೆ ತಾವೂ ತಲೆಯೆತ್ತಿ ಮಾಡಿನ ಶೀಟಿನ ಕಡೆ ನೋಡುತ್ತಿದ್ದರು. ನಾನೂ ನೋಡಿದ್ದೆ. ಆಗ ತೊಂಬತ್ತರ ದಶಕ ಮುಗಿಯುತ್ತಿತ್ತು, ನನಗೆ ಇಪ್ಪತ್ತು ದಾಟಿತ್ತಷ್ಟೆ.

ನನಗೆ ಪ್ಯಾಕಿಂಗ್ ಕಲಿಸಿದ್ದು ಅವರೇ. ಬೆಳಿಗ್ಗೆ "ಬಿಗಿಯಾಗಿ ಮಡಿಸು, ಗಾಳಿ ಆಡಬಾರ್ದು" ಅನ್ನುವರು. ಸಂಜೆ ಅದೇ ಪ್ಯಾಕೆಟ್ಟು ಹಿಡಿದು, "ಇದೇನು ಬಾಣಂತಿ ಸೊಂಟ ಕಟ್ದಂಗೆ ಕಟ್ಟಿದ್ದೀಯ?" ಅನ್ನುವರು. ಯಾವ ಮಾತಿಗೆ ನಡೆಯಬೇಕೋ ತಿಳಿಯದೆ ನಾನು ಎರಡಕ್ಕೂ ಹೂಂ ಅನ್ನುತ್ತಿದ್ದೆ. ಕೊರಳಲ್ಲಿ ಲಿಂಗ, ಸೊಂಟದಲ್ಲಿ ಕಡ್ಡಿಪುಡಿಯ ಡಬ್ಬಿ, ಎರಡನ್ನೂ ಅವರು ಬಿಟ್ಟಿರುತ್ತಿರಲಿಲ್ಲ. ಪೂಜೆಯಾಗದೆ ನೀರು ಮುಟ್ಟದ ಹೆಂಗಸು, ಪೂಜೆಯಾದ ಮೇಲೆ ಮೊದಲು ಮುಟ್ಟುತ್ತಿದ್ದುದು ಡಬ್ಬಿಯನ್ನು.

ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಸಾರನ್ನದ ಮೊದಲ ತುತ್ತಿಗೇ ಕಣ್ಣಲ್ಲಿ ನೀರು ತಂದುಕೊಂಡರು. "ಉರೀತದೆ ಕೂಸೇ, ಕೆಂಡ ಇಟ್ಟಂಗೆ" ಅಂದರು. ಮಾರನೆಯ ದಿನ ಮೊಸರನ್ನವೂ ಉರಿಯಿತು. ನಾನು ರಜೆ ಹಾಕಿ ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಕೆನ್ನೆ ಎಳೆದು, ಒಳಗೆ ಅಂಟಿಕೊಂಡಿದ್ದ ಬಿಳಿ ಮಚ್ಚೆಯನ್ನು ಕನ್ನಡಿಯಲ್ಲಿ ತೋರಿಸಿದರು. ಕಡ್ಡಿಪುಡಿ, ಅಡಿಕೆ ಎರಡನ್ನೂ ಈಗಲೇ ಬಿಟ್ಟರೆ ಅದು ಹೋಗಬಹುದು, ಬಿಡದಿದ್ದರೆ ಕ್ಯಾನ್ಸರಿಗೆ ತಿರುಗಬಹುದು ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ಒಬ್ಬರೇ ಬಿಡೋದು ಕಷ್ಟ. ನೀವು ಜೊತೆಗಿದ್ದು ಸಹಾಯ ಮಾಡಿ" ಅಂದರು. ಸಹಾಯವೆಂದರೆ ಏನು ಮಾಡಬೇಕೆಂದು ಕೇಳುವ ಹೊತ್ತಿಗೆ ಮುಂದಿನವರು ಕುರ್ಚಿಯಲ್ಲಿ ಬಾಯಿ ತೆರೆದು ಕೂತಾಗಿತ್ತು.

ಆಸ್ಪತ್ರೆಯ ಗೇಟು ದಾಟುತ್ತಲೇ ದೇವೀರಕ್ಕ ಸೊಂಟದ ಡಬ್ಬಿ ತೆಗೆದು ನನ್ನ ಕೈಲಿಟ್ಟರು. "ನೀನೇ ಮಡೀಕೊ. ನಾನು ಕಾಲಿಗೆ ಬಿದ್ರೂ ಕೊಡ್ಬೇಡ. ನಿಂಗೊಬ್ಳಿಗೇ ಹೇಳ್ತಿರೋದು ಕಣವ್ವ."

ಮಾರನೆಯ ದಿನ ಹತ್ತು ಗಂಟೆಗೇ ಬಂದು ಕೈ ಚಾಚಿದರು. ಕೊಡಲಿಲ್ಲ. "ಕಲ್ಲು ಕಣೇ ನೀನು! ನಿನ್ ಕಟ್ಕೊಳೋನು ಎಂಗೆ ಬಾಳ್ವೆ ಮಾಡ್ತಾನೋ!" ಎಂದು ಇಡೀ ಶೆಡ್ಡಿಗೆ ಕೇಳುವಂತೆ ಕೂಗಾಡಿದರು. ಸಂಜೆಯವರೆಗೂ ಅವರು ಖಾಲಿ ಸೊಂಟ ತಡವಿಕೊಳ್ಳುವುದನ್ನು ನೋಡಿ ನನಗೆ ಸಂಕಟವಾಯಿತು. ಅದರ ಮಾರನೆಯ ದಿನ ತಡೆಯಲಾರದೆ ಒಂದು ಚಿಟಿಕೆ ಕೊಟ್ಟೆ. ಹಾಕಿಕೊಂಡರು, ಕಣ್ಣು ಮುಚ್ಚಿದರು, ಆಮೇಲೆ ಗದ್ದ ಮೇಲೆತ್ತಿ, "ನಿನ್ ನಂಬಿದ್ನಲ್ಲ, ನನ್ ಬುದ್ದಿಗಿಷ್ಟು. ಕೇಳಿದ್ ತಕ್ಷಣ ಕೊಟ್ಬುಡೋದಾ?" ಅಂದರು. ಕೊಟ್ಟರೂ ಬೈಗುಳ, ಕೊಡದಿದ್ದರೂ ಬೈಗುಳ. ಯಾವುದು ಸಹಾಯ, ಯಾವುದು ದ್ರೋಹ ಎಂದು ಗೊತ್ತಾಗದೆ ನನ್ನ ತಲೆ ಕೆಟ್ಟು ಹೋಯಿತು.

ಕೊನೆಗೆ, ಪಕ್ಕದಲ್ಲಿ ಕೂತು ಕೆಲಸ ಮಾಡುತ್ತಿದ್ದ ಜಯಮ್ಮನ ಹತ್ತಿರ ಗುಟ್ಟು ಬಿಟ್ಟೆ. ಆಕೆ ನನ್ನನ್ನೇ ನೋಡಿ, ಊಟದ ಚೀಲಕ್ಕೆ ಕೈ ಹಾಕಿ ಇನ್ನೊಂದು ಡಬ್ಬಿ ತೆಗೆದಳು. "ನಂಗೊಬ್ಳಿಗೇ ಅಂತ ಹೇಳಿದ್ರಲ್ಲೇ!" ಅಂದಳು. ಎದುರಿಗೆ ಕೂತು ಪ್ಯಾಕ್ ಮಾಡುತ್ತಿದ್ದ ನಾಗರತ್ನ ನಮ್ಮ ಮಾತು ಕೇಳಿಸಿಕೊಂಡು ತನ್ನ ಸೊಂಟದಿಂದ ಮೂರನೆಯದನ್ನು ಬಿಚ್ಚಿಟ್ಟಳು. ಮೂವರೂ ಡಬ್ಬಿಗಳನ್ನು ಮುಂದಿಟ್ಟುಕೊಂಡು ಕೂತೆವು. ದೇವೀರಕ್ಕ ಮೂರು ಜನ ಕಾವಲುಗಾರರನ್ನು ಇಟ್ಟಿದ್ದರೋ, ಮೂರು ಅಂಗಡಿ ಇಟ್ಟಿದ್ದರೋ, ನಮಗೆ ತೀರ್ಮಾನವಾಗಲಿಲ್ಲ.

ಕೇಳಿಯೇಬಿಟ್ಟೆವು. ದೇವೀರಕ್ಕ ಸ್ವಲ್ಪವೂ ಅಳುಕಲಿಲ್ಲ. "ನನ್ ಬೈಗುಳಾನ ಒಬ್ಳೇ ಎಷ್ಟು ಅಂತ ಹೊರ್ತಾಳೆ? ಮೂರು ಜನಕ್ಕೆ ಹಂಚುದ್ರೆ ಅಗುರ ಆಯ್ತದೆ ಅಂತ."

"ಮೂರು ಜನಾನೂ ಕೊಟ್ಬುಟ್ರೆ ಅಕ್ಕ?" ಎಂದಳು ಜಯಮ್ಮ.

ಬಾಯಿ ಖಾಲಿಯಿದ್ದರೂ ದೇವೀರಕ್ಕ ಆಕಾಶ ನೋಡಿದರು.

ಆವತ್ತೇ ನಾವು ಮೂವರೂ ಡಬ್ಬಿಗಳನ್ನು ಮೋರಿಗೆ ಸುರಿದೆವು. ಆಮೇಲಿನ ದಿನಗಳು ನೆಟ್ಟಗಿರಲಿಲ್ಲ. ಅವರಿಗೆ ಬಾಯಿ ಕಡಿದಾಗಲೆಲ್ಲ ಒಬ್ಬಳು ಸೋಂಪು ಕೊಟ್ಟರೆ ಇನ್ನೊಬ್ಬಳು ಹುರಿಗಡಲೆ ಕೊಡುವಳು, ಮತ್ತೊಬ್ಬಳು ಸುಮ್ಮನೆ ಬೈಸಿಕೊಳ್ಳುವಳು. ಬೈಸಿಕೊಳ್ಳುವ ಪಾಳಿ ಹೆಚ್ಚಾಗಿ ನನ್ನದೇ. ಎಲ್ಲಿಂದಲೋ ತಂದು ಹಾಕಿಕೊಂಡ ದಿನಗಳೂ ಇದ್ದವು. ಆ ದಿನ ಮಾತೇ ಆಡುತ್ತಿರಲಿಲ್ಲ, ಅದರಿಂದಲೇ ನಮಗೆ ಗೊತ್ತಾಗುತ್ತಿತ್ತು. ಆದರೂ ತಿಂಗಳುಗಳು ಕಳೆದ ಮೇಲೆ ಡಾಕ್ಟರಮ್ಮ ಮಚ್ಚೆ ತೆಳುವಾಗಿದೆ ಎಂದರು. ದೇವೀರಕ್ಕ ನಮಗೆಲ್ಲ ಮಸಾಲೆ ದೋಸೆ ಕೊಡಿಸಿದರು, ಚಟ್ನಿಯ ಖಾರವನ್ನು ಉರಿಯಿಲ್ಲದೆ ತಿಂದರು. ಅಷ್ಟು ಸಂತೋಷ ನನಗೆ ನನ್ನ ಮದುವೆಯಲ್ಲೂ ಆಗಲಿಲ್ಲ.

ಆಮೇಲೆ ಶೆಡ್ಡು ಕಡಕೊಳಕ್ಕೆ ಹೋಯಿತು, ಅವರೂ ಹೋದರು. ನಾನು ಸಿದ್ಧಾರ್ಥನಗರದಲ್ಲಿ ಒಂದು ಝೆರಾಕ್ಸ್ ಅಂಗಡಿಗೆ ಸೇರಿದೆ. ವರ್ಷಗಳು ಕಳೆದ ಮೇಲೆ ದೇವೀರಕ್ಕ ಬಸ್ ಸ್ಟಾಪಿನಲ್ಲಿ ಸಿಕ್ಕಿದರು. ಬಾಯಿ ಆಡುತ್ತಿತ್ತು. ಸೋಂಪಿನ ವಾಸನೆ ಬಂತು. ಅದರ ಹಿಂದೆ ಇನ್ನೊಂದು ವಾಸನೆ ಇತ್ತೋ, ನನ್ನ ಅನುಮಾನವೋ. ನಾನು ಬಾಯಿಬಿಡುವ ಮೊದಲೇ ಅವರು ನನ್ನನ್ನು ಕಂಬದ ಮರೆಗೆ ಎಳೆದು ಬಾಯಿ ಅಗಲಿಸಿದರು. "ಬೆಳ್ಳಗೆ ಏನಾದ್ರೂ ಕಾಣ್ತದಾ ನೋಡವ್ವ."

ನೋಡಿದೆ. ಬಿಸಿಲು ಬಿದ್ದ ಜಾಗವೋ, ಎಂಜಲೋ, ಅದೇ ಮಚ್ಚೆಯೋ, ನನಗೇನು ತಿಳಿಯುತ್ತದೆ? ಆಸ್ಪತ್ರೆಗೆ ಯಾವಾಗ ಹೋಗಿದ್ದಿರಿ ಎಂದು ಕೇಳಿದೆ. "ಹೋದ್ರೆ ಏನಾರ ಅಂದ್ಬುಡ್ತಾರೆ ಕಣವ್ವ" ಅಂದರು. ಊರಿಗೆಲ್ಲ ಬೈದು ಬದುಕಿದ ಹೆಂಗಸು ಇಷ್ಟು ಹೆದರಿದ್ದನ್ನು ನಾನು ಕಂಡಿರಲಿಲ್ಲ, ನಾನೂ ಜೊತೆಗೆ ಬರುತ್ತೇನೆಂದೆ. ಬುಧವಾರ ಆಸ್ಪತ್ರೆಗೆ ಬಂದೇ ಬರುತ್ತೇನೆಂದು ಲಿಂಗ ಮುಟ್ಟಿ ಹೇಳಿ ಬಸ್ಸು ಹತ್ತಿದರು.

ಬಂದರು. ಒಬ್ಬರೇ ಅಲ್ಲ, ಕಡಕೊಳದ ಶೆಡ್ಡಿನ ಇಬ್ಬರು ಹೆಂಗಸರನ್ನು ಕರೆತಂದಿದ್ದರು, ಇಬ್ಬರ ಹಲ್ಲೂ ಕಂದು. ಮೂವರ ಹೆಸರನ್ನೂ ಬರೆಸಿದರು. ಬೆಂಚಿನ ಮೇಲೆ ಆ ಇಬ್ಬರನ್ನು ನನ್ನ ಪಕ್ಕಕ್ಕೆ ತಳ್ಳಿ, "ಈ ಕೂಸು ಅವ್ಳೆ, ಎದರ್ಕೋಬೇಡಿ. ನಾನು ಬುಟ್ಟಿದ್ದು ಇವ್ಳಿಂದಲೇ. ಎಷ್ಟಾದ್ರೂ ಬೈಯಿರಿ, ಬೈಸ್ಕೋತಾಳೆ" ಎಂದರು. ನನಗೆ ನಾಚಿಕೆಯೂ ಹೆಮ್ಮೆಯೂ ಒಟ್ಟಿಗೇ ಆಯಿತು. ದೇವೀರಕ್ಕ ನೀರು ಕುಡಿದು ಬರುತ್ತೇನೆಂದು ಎದ್ದು ಹೋದರು. ಆ ಬೆನ್ನೇ ನಾನು ಕೊನೆಗೆ ಕಂಡದ್ದು.

ಇಬ್ಬರೂ ಒಳಗೆ ಹೋಗಿ ತೋರಿಸಿಕೊಂಡು ಬಂದರು. ಒಬ್ಬಾಕೆ ನನ್ನ ಕೈ ಹಿಡಿದು ಕೂತಳು. ಇವರನ್ನು ದೇವೀರಕ್ಕ ಉಳಿಸಲೆಂದು ಕರೆತಂದರೋ, ತಾನು ತಪ್ಪಿಸಿಕೊಳ್ಳಲು ಮರೆಯಾಗಲೆಂದು ಕರೆತಂದರೋ ಎಂದು ಯೋಚಿಸುತ್ತಿದ್ದಾಗ ಬಾಗಿಲಲ್ಲಿ ನರ್ಸ್ "ದೇವೀರಮ್ಮ" ಎಂದು ಕೂಗಿದರು. ಇನ್ನೊಮ್ಮೆ ಕೂಗಿದರು. "ದೇವೀರಮ್ಮನ ಕಡೆಯವರು ಯಾರೂ ಇಲ್ವಾ?" ಎಂದರು.

ನಾನು ಎದ್ದು ನಿಂತೆ.