ಬಣ್ಣ ಮುಟ್ಟದ ಜಾಗ

ಮದ್ರಾಸಿನ ವಡಪಳನಿಯ ಸ್ಟುಡಿಯೋ ಒಂದರಲ್ಲಿ ನಾನು ಮೇಕಪ್ ಮಾಡುತ್ತಿದ್ದೆ. ಕಪ್ಪುಬಿಳುಪು ಚಿತ್ರಗಳ ಕಾಲ. ಯಕ್ಷಗಾನದವರು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲಿ ಅಪ್ಪನಿಂದ ಕಲಿತ ಕೈ ಎಂಬ ಜಂಬ ಬೇರೆ. ಹೆಂಡತಿಯೂ ವೇಷಧಾರಿಯ ಮಗಳೇ. ಅದೇ ಸ್ಟುಡಿಯೋದಲ್ಲಿ ಗುಂಪಿನ ಕುಣಿತಕ್ಕೆ ಹಿಂದಿನ ಸಾಲಿನಲ್ಲಿ ನಿಲ್ಲುತ್ತಿದ್ದಳು.

ಮೊದಲು ಕಂಡದ್ದು ಅವಳ ತೋಳಿನ ಮೇಲೊಂದು ನೀಲಿ ಕಲೆ. ಎಲ್ಲಿ ತಾಗಿತೆಂದು ಅವಳಿಗೇ ಗೊತ್ತಿರಲಿಲ್ಲ. ಆಮೇಲೆ ಇನ್ನೊಂದು ತೋಳು, ಕುತ್ತಿಗೆಯ ಪಕ್ಕ. ನಲ್ಲಿಯ ಹತ್ತಿರ ಹೆಂಗಸರು ಅವಳನ್ನು ನೋಡಿ ನನ್ನನ್ನು ನೋಡತೊಡಗಿದರು. ಲೈಟಿನವನೊಬ್ಬ ನಗುತ್ತಾ, "ಎನ್ನ ಸಾರ್, ವೀಟ್ಲ ಸಂಡೈಯಾ?" ಎಂದ. ಮನೆಯಲ್ಲಿ ಜಗಳವೇ ಎಂದು. ಒಂದು ದಿನವೂ ಅವಳ ಮೇಲೆ ಕೈ ಎತ್ತಿದವನಲ್ಲ ನಾನು. ಮರ್ಯಾದೆ ಹೋಯಿತೆಂದು ಮೈ ಉರಿಯಿತು.

ಅಂದಿನಿಂದ ದಿನಾ ಬೆಳಿಗ್ಗೆ ಕಲೆಗಳ ಮೇಲೆ ಬಣ್ಣ ಕೂರಿಸಿದೆ. ಮುಖ ಬಿಳಿಚಿಕೊಂಡಾಗ ಕೆನ್ನೆಗೂ ಕೆಂಪು ಹಚ್ಚಿದೆ. ಸಂಜೆ ಜ್ವರ ಬರುತ್ತಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಕೂತುಬಿಡುತ್ತಿದ್ದಳು. ಹಲ್ಲುಜ್ಜಿದರೆ ರಕ್ತ. ಹಲ್ಲುಪುಡಿ ಬದಲಿಸು ಅಂದೆ. ಇದನ್ನು ಬರೆಯುವಾಗ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಬೀದಿಯ ಡಾಕ್ಟರರ ಹತ್ತಿರ ಹೋಗುವಾಗಲೂ ಬಣ್ಣ ಹಚ್ಚಿಯೇ ಕರೆದುಕೊಂಡು ಹೋದೆ, ಉದ್ದ ತೋಳಿನ ರವಿಕೆ ಹಾಕಿಸಿ. ಅವರು ಕೆಂಪು ಕೆನ್ನೆ ನೋಡಿ, ಬರೀ ನಿಶ್ಶಕ್ತಿ ಎಂದು ಟಾನಿಕ್ ಬರೆದುಕೊಟ್ಟರು. ಅವರನ್ನು ಬೈದು ಏನು ಪ್ರಯೋಜನ? ನಾನು ತೋರಿಸಿದ್ದನ್ನು ಅವರು ನೋಡಿದರು.

ತಿಂಗಳಾಗುವುದರೊಳಗೆ ಸೆಟ್ಟಿನಲ್ಲೇ ಮೂಗಿನಿಂದ ರಕ್ತ ಸುರಿಯಿತು, ನಿಲ್ಲಲೇ ಇಲ್ಲ. ದೊಡ್ಡಾಸ್ಪತ್ರೆಗೆ ಓಡಿದೆವು. ಅಲ್ಲಿನ ವಯಸ್ಸಾದ ಡಾಕ್ಟರಮ್ಮ ಮೊದಲು ಮಾಡಿದ ಕೆಲಸವೆಂದರೆ ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಮುಖ ಒರೆಸಿದ್ದು. ಆಮೇಲೆ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಒಸಡು, ನಾಲಿಗೆ. ನನ್ನ ಬಣ್ಣ ಮುಟ್ಟದ ಜಾಗಗಳು. ಎಲ್ಲಾ ಸುಣ್ಣದ ಗೋಡೆ.

"ಇದನ್ನು ಹಚ್ಚಿದ್ದು ಯಾರು?" ಎಂದು ಕೇಳಿದರು.

ರಕ್ತ ತೆಗೆದರು. ಎದೆಮೂಳೆಗೆ ಸೂಜಿ ಹಾಕಿ ಮಜ್ಜೆಯನ್ನೂ ತೆಗೆದರು. ನಾಲ್ಕನೆಯ ದಿನ ನನ್ನೊಬ್ಬನನ್ನೇ ಕೂರಿಸಿ ರಕ್ತದ ಕ್ಯಾನ್ಸರ್ ಎಂದರು. ಮೊದಲೇ ತಂದಿದ್ದರೆ ಉಳಿಯುತ್ತಿದ್ದಳೇ ಎಂದು ಕೇಳಿದೆ. "ಉಳಿಸುವ ಔಷಧ ನಮ್ಮ ಹತ್ತಿರ ಇಲ್ಲಪ್ಪ. ರಕ್ತ ಕೊಟ್ಟು ಸುಸ್ತಾದರೂ ಕಡಿಮೆ ಮಾಡಬಹುದಿತ್ತು" ಎಂದರು. ಅಂದರೆ ಜ್ವರದಲ್ಲಿ ಅವಳು ಕುಣಿದ ಅಷ್ಟೂ ದಿನ ನನ್ನ ತಲೆಯ ಮೇಲೆ.

ಊರಿನಿಂದ ಅತ್ತೆ ಹೊರಟಿದ್ದಾರೆಂದು ತಂತಿ ಬಂತು. ಅವಳು ನನ್ನ ಬಣ್ಣದ ಪೆಟ್ಟಿಗೆ ತರಲು ಹೇಳಿದಳು. ನಾನು ಒಲ್ಲೆ ಅಂದೆ.

"ಡಾಕ್ಟರಿಗೆ ಸುಳ್ಳು ಹೇಳಬಾರದಿತ್ತು. ಅಮ್ಮನಿಗೆ ಹೇಳಬಹುದಲ್ದಾ?"

ಹಚ್ಚಿದೆ. ಅಷ್ಟು ಜಾಗ್ರತೆಯಿಂದ ಯಾವ ನಾಯಕಿಗೂ ಹಚ್ಚಿದವನಲ್ಲ. ಅತ್ತೆ ಬಂದರು, ಮಗಳನ್ನು ನೋಡಿದರು, ಕೆನ್ನೆ ಸವರಿದರು. "ಎಷ್ಟು ಲಾಯ್ಕ ಇದ್ದೀ ಮಗಾ. ನಾನು ಸುಮ್ಮನೆ ಹೆದರಿ ಸತ್ತೆ" ಎಂದು ನಕ್ಕರು. ಊರಿನ ಸುದ್ದಿ, ಕರು ಹಾಕಿದ ದನ, ಎಲ್ಲಾ ಹೇಳಿದರು. ಅವಳು ಕಣ್ಣು ಮುಚ್ಚಿ ಕೇಳುತ್ತಾ ನಿದ್ದೆ ಹೋದಳು.

ವರಾಂಡಕ್ಕೆ ಬಂದ ಮೇಲೆ ಅತ್ತೆ ಬೆರಳುಗಳನ್ನು ನೋಡಿಕೊಂಡರು. ಕೆಂಪು ಹತ್ತಿತ್ತು. ಮೂವತ್ತು ವರ್ಷ ಗಂಡನ ಮುಖದ ಬಣ್ಣ ಒರೆಸಿದ ಕೈ ಅದು. ನಿಧಾನವಾಗಿ ಸೆರಗಿಗೆ ಒರೆಸಿಕೊಂಡರು.

"ಚೆಂದ ಹಚ್ಚಿದ್ದೀರಿ. ಇನ್ನೆಷ್ಟು ದಿನ ಅಂತೆ?" ಎಂದು ಕೇಳಿದರು.