ಹನ್ನೊಂದು ಗಂಟೆಯ ನಂತರದ ಕೈ

ಹ್ಯಾಮ್ ರೇಡಿಯೊ ಕ್ಲಬ್ಬಿನ ನಲವತ್ತು ಮಂದಿಗೂ ಅವರು ಅತ್ತಿಗೆ. ಅರವತ್ತು ದಾಟಿದ ಅಧ್ಯಕ್ಷರಿಗೂ ಅತ್ತಿಗೆ, ನಿನ್ನೆ ಮೊನ್ನೆ ಲೈಸೆನ್ಸ್ ಪಡೆದವರಿಗೂ ಅತ್ತಿಗೆ. ಹಾಗೆ ಕರೆದರೆಂದು ಅದರಲ್ಲಿ ನೆಂಟಸ್ತಿಕೆ ಹುಡುಕಬಾರದು. ಟೀ ಬೇಕು ಎಂದಷ್ಟೇ ಅರ್ಥ. ತುಸು ರಾಗವಾಗಿ ಕರೆದರೆ ಟೀ ಜೊತೆಗೆ ಬಿಸ್ಕತ್ತೂ ಬೇಕು.

ತಿಂಗಳ ಎರಡನೆಯ ಭಾನುವಾರ ಹಳೆಯ ವಾಚನಾಲಯದ ಮಹಡಿಯ ಮೇಲೆ ಕ್ಲಬ್ಬಿನ ಸಭೆ. ಸಭೆ ಎಂದರೆ, ವಾರವಿಡೀ ತಮ್ಮ ತಮ್ಮ ಕೋಣೆಯ ಬಾಗಿಲು ಹಾಕಿಕೊಂಡು ಸ್ವಂತ ರೇಡಿಯೊ ಸೆಟ್ಟಿನಿಂದ ಗಾಳಿಯಲ್ಲಿ ಮಾತಾಡಿದವರು ಒಂದು ಕಡೆ ಸೇರಿ, ಯಾರ ಮಾತು ಎಷ್ಟು ದೂರಕ್ಕೆ ಕೇಳಿಸಿತು ಎಂದು ಮತ್ತೆ ಮಾತಾಡುವುದು. ಊರಿನಲ್ಲಿ ಓಟದ ಸ್ಪರ್ಧೆ ನಡೆದರೆ ಇವರೆಲ್ಲ ವಾಕಿಟಾಕಿ ಹಿಡಿದು ಮೂಲೆಗೊಬ್ಬರಂತೆ ನಿಲ್ಲುತ್ತಾರೆ. ಒಮ್ಮೆ ಇಬ್ಬರು ಒಂದೇ ಬೀದಿಯ ಆಚೆ ಈಚೆ ನಿಂತು "ಕೇಳಿಸ್ತಾ ಇದೆಯಾ, ಓವರ್" ಎಂದು ಹತ್ತು ನಿಮಿಷ ಪರೀಕ್ಷೆ ಮಾಡಿದ್ದನ್ನು ಅತ್ತಿಗೆ ಕಣ್ಣಾರೆ ಕಂಡಿದ್ದಾರೆ. ಟೀ ಫ್ಲಾಸ್ಕ್ ಹಿಡಿದು ನಡುವೆ ನಿಂತಿದ್ದ ಅವರಿಗೆ ಯಂತ್ರದ ಹಂಗಿಲ್ಲದೆ ಇಬ್ಬರೂ ಕೇಳಿಸುತ್ತಿದ್ದರು.

ವರ್ಷಕ್ಕೊಮ್ಮೆ ಕ್ಲಬ್ಬು ಊರಿನವರಿಗೆಲ್ಲ ಬಾಗಿಲು ತೆರೆಯುತ್ತದೆ. ಮಕ್ಕಳು ಬಂದು ತಂತಿ ಸಂದೇಶದ ಮೋರ್ಸ್ ಕೀ ಒತ್ತಿ ತಮ್ಮ ಹೆಸರು ಬರೆಯಲು ಕಲಿಯುತ್ತಾರೆ, ದೊಡ್ಡವರು ಆಂಟೆನಾ ನೋಡಿ ತಲೆ ಆಡಿಸುತ್ತಾರೆ. ಕೊನೆಗೆ ಕೈ ಗುರುತಿಸುವ ಆಟ. ಮೋರ್ಸಿನಲ್ಲಿ ಇರುವುದು ಚುಕ್ಕಿ ಎಂಬ ಗಿಡ್ಡ ಸದ್ದು ಮತ್ತು ಗೆರೆ ಎಂಬ ಉದ್ದ ಸದ್ದು ಮಾತ್ರ, ಆದರೆ ಅದನ್ನು ಒತ್ತುವ ಕೈ ಒಬ್ಬೊಬ್ಬರದು ಒಂದೊಂದು ಬಗೆ. ಬರಹದ ಹಾಗೆಯೇ ಅದಕ್ಕೂ ಒಂದು ಮುಖವಿರುತ್ತದೆ. ಹಸಿರು ಪರದೆಯ ಹಿಂದೆ ಐದು ಜನ ಒಬ್ಬರಾದ ಮೇಲೊಬ್ಬರು ಒಂದೇ ಸಾಲನ್ನು ಒತ್ತುತ್ತಾರೆ. ಈಚೆ ಕೂತವರು ಬರೀ ಕಿವಿಯಿಂದ ಯಾರು ಯಾರೆಂದು ಹೇಳಬೇಕು. ಆ ಪರದೆಯನ್ನು ಹೊಲಿದುಕೊಟ್ಟವರು ಅತ್ತಿಗೆಯೇ.

ಇನ್ನೊಂದು ಪದ್ಧತಿಯಿದೆ. ಈ ಕ್ಲಬ್ಬಿನಲ್ಲಿ ಯಾರೂ ಸಾಯುವುದಿಲ್ಲ. ಸದಸ್ಯರೊಬ್ಬರು ತೀರಿಕೊಂಡರೆ "ಅವರ ಕೀ ಮೌನವಾಯಿತು" ಎನ್ನುತ್ತಾರೆ, ಎಲ್ಲರೂ ಎದ್ದು ಒಂದು ನಿಮಿಷ ನಿಲ್ಲುತ್ತಾರೆ. ಆ ಒಂದು ನಿಮಿಷ ಟೀ ಕುದಿಯುವ ಸದ್ದೂ ಆಗಬಾರದೆಂದು ಸಭಾಂಗಣದ ಹಿಂದೆ ಅತ್ತಿಗೆ ಸ್ಟೌವ್ ಆರಿಸುತ್ತಾರೆ. ಹಾಗೆ ಮಾಡಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅತ್ತಿಗೆಯ ಸ್ವಂತ ಕಸುಬು ಹೊಲಿಗೆ. ಶಾಲೆಯ ಸಮವಸ್ತ್ರ, ಆಸ್ಪತ್ರೆಯ ಪರದೆ, ದಿಂಬಿನ ಚೀಲ. ಯಜಮಾನರು ತೂಕದ ಕಲ್ಲು, ತಕ್ಕಡಿಗಳನ್ನು ಪರೀಕ್ಷಿಸುವ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಮದುವೆಯಾದ ಹೊಸತರಲ್ಲಿ ಅವರಿಗೆ ರೇಡಿಯೊ ಹುಚ್ಚು ಹತ್ತಿತು. ಲೈಸೆನ್ಸಿಗೆ ಮೋರ್ಸ್ ಪರೀಕ್ಷೆ ಪಾಸಾಗಬೇಕು. ಅಭ್ಯಾಸಕ್ಕೆ ಎದುರು ಕೂತು ಯಾರಾದರೂ ಒತ್ತಬೇಕಲ್ಲ, ಆ ಕೆಲಸ ಹೆಂಡತಿಯ ಪಾಲಿಗೆ ಬಂತು. ಯಜಮಾನರು ಮೂರನೆಯ ಸಲಕ್ಕೆ ಪಾಸಾದರು. ಮೊದಲನೆಯ ಸಲದ ಹೊತ್ತಿಗೇ ಹೆಂಡತಿಗೆ ಎಲ್ಲ ಬರುತ್ತಿತ್ತು. ಆಮೇಲೂ ಪಕ್ಕದ ಕೋಣೆಯಲ್ಲಿ ಯಂತ್ರ ತುಳಿಯುತ್ತ ಗಂಡನ ಸಂಭಾಷಣೆಯೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಗೋಡೆಗೂ ಕಿವಿಯಿದೆ ಎನ್ನುತ್ತಾರೆ. ಆ ಮನೆಯಲ್ಲಿ ಗೋಡೆಯ ಕಿವಿ ಅತ್ತಿಗೆಯದು. "ನಾನೂ ಪರೀಕ್ಷೆಗೆ ಕೂತ್ಕೊಳ್ಳಲಾ?" ಎಂದು ಒಮ್ಮೆ ಕೇಳಿದ್ದರು. "ಒಂದು ಮನೆಗೆ ಒಂದು ಲೈಸೆನ್ಸ್ ಸಾಲದಾ?" ಎಂದರು ಯಜಮಾನರು. ಮಗು ಕೈಯಲ್ಲಿತ್ತು, ಮಾತು ಅಲ್ಲಿಗೆ ನಿಂತಿತು.

ಮೂವತ್ತೊಂದು ವರ್ಷದ ಹಿಂದೆ ಹೊಳೆ ಊರಿನೊಳಕ್ಕೆ ಬಂತು. ಫೋನಿನ ಕಂಬಗಳು ಉರುಳಿದವು, ಸೇತುವೆ ಹೋಯಿತು. ಬದುಕುಳಿದವರು ಶಾಲೆಯ ಮಹಡಿಯಲ್ಲಿದ್ದರು. ಅವರ ಹೆಸರುಗಳನ್ನು ಹೊರಗಿನ ಬಂಧುಗಳಿಗೆ ತಿಳಿಸಲು ಉಳಿದ ದಾರಿ ಒಂದೇ: ಯಜಮಾನರ ಮನೆಯ ಮಹಡಿ ಕೋಣೆಯಲ್ಲಿ ಲಾರಿ ಬ್ಯಾಟರಿಗೆ ಜೋಡಿಸಿದ್ದ ಸೆಟ್ಟು. ನಲವತ್ತು ಮೈಲಿಯಾಚೆಯ ಊರಿನಲ್ಲಿ ಇದೇ ಹವ್ಯಾಸದ ರೈಲ್ವೆ ಸ್ಟೇಷನ್ ಮಾಸ್ತರರೊಬ್ಬರು ತಮ್ಮ ಸೆಟ್ಟಿನಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಯಜಮಾನರು ಬೆಳಿಗ್ಗೆ ಎಂಟಕ್ಕೆ ಕೀ ಹಿಡಿದರು. ಗಾಬರಿಗೆ ಚುಕ್ಕಿ ಗೆರೆಗಳು ಒಂದರ ಮೇಲೊಂದು ಬೀಳುತ್ತಿದ್ದವು. ಒಂದು ಹೆಸರು ಹೋಗಲು ಮೂರು ಸಲ ಒತ್ತಬೇಕಾಯಿತು. ಆಚೆಯಿಂದ ಬರುತ್ತಿದ್ದದ್ದು "ಮತ್ತೊಮ್ಮೆ, ಮತ್ತೊಮ್ಮೆ" ಎಂಬುದೊಂದೇ. ಹನ್ನೊಂದು ಗಂಟೆಯ ಮೇಲೆ ಅವರು ತಲೆಯ ಮೇಲೆ ಕೈ ಹೊತ್ತು ಕೂತುಬಿಟ್ಟರು.

"ಏಳಿ," ಎಂದರು ಹೆಂಡತಿ.

ಅಂದು ಸಂಜೆಯವರೆಗೆ, ಮಾರನೆಯ ದಿನ ಬೆಳಗಿನಿಂದ ಸಂಜೆಯವರೆಗೆ ಅತ್ತಿಗೆ ಒತ್ತಿದರು. ನಾನೂರ ಹನ್ನೆರಡು ಹೆಸರು. ಒಂದೊಂದು ಹೆಸರು ಮುಗಿದಾಗಲೂ ಒಂದು ಕ್ಷಣ ನಿಲ್ಲಿಸಿ ಕೊನೆಯ ಗೆರೆಯನ್ನು ತುಸು ಎಳೆಯುತ್ತಿದ್ದರು. ಹೊಲಿಗೆ ಮುಗಿದಲ್ಲಿ ದಾರಕ್ಕೆ ಗಂಟು ಹಾಕಿದ ಅಭ್ಯಾಸ ಅದು. ಬೆರಳುಗಳು ಬಾತು ಬದನೆಕಾಯಿಯಾದವು, ತಣ್ಣೀರಿನ ಬಟ್ಟಲಲ್ಲಿ ಅದ್ದಿ ಅದ್ದಿ ಮತ್ತೆ ಒತ್ತಿದರು. ಯಜಮಾನರು ಪಕ್ಕದಲ್ಲಿ ಕೂತು ದಿನದಿನದ ಸಂದೇಶ ದಾಖಲಿಸುವ ಲಾಗ್ ಪುಸ್ತಕದಲ್ಲಿ ಎಲ್ಲವನ್ನೂ ತಮ್ಮ ಹೆಸರಲ್ಲಿ ಬರೆದರು. ಬರೆಯದೆ ವಿಧಿಯಿರಲಿಲ್ಲ. ಲೈಸೆನ್ಸ್ ಇಲ್ಲದ ಕೈ ಕೀ ಮುಟ್ಟಿತೆಂದು ತಿಳಿದರೆ ಇದ್ದ ಲೈಸೆನ್ಸೂ ಹೋಗುತ್ತಿತ್ತು. "ಯಾರಿಗೂ ಹೇಳ್ಬೇಡ" ಎಂದರು. ಅತ್ತಿಗೆ ಹೇಳಲಿಲ್ಲ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ. ನೀರಿಳಿಯಿತು, ಯಜಮಾನರಿಗೆ ಶಾಲು ಹೊದಿಸಿದರು, ಪತ್ರಿಕೆಯಲ್ಲಿ ಫೋಟೊ ಬಂತು. ಮೊದಲ ವರ್ಷ ಸಭೆಯಲ್ಲಿ ಪ್ರವಾಹದ ಕತೆ ಹೇಳುವಾಗ ಅವರ ಕಣ್ಣು ಹಿಂದಿನ ಸಾಲಿನ ಹೆಂಡತಿಯತ್ತ ಹೋಗಿ ನೆಲಕ್ಕಿಳಿಯುತ್ತಿತ್ತು. ಐದನೆಯ ವರ್ಷಕ್ಕೆ ಕಣ್ಣು ಆ ಕಡೆ ಹೋಗುವುದೇ ನಿಂತಿತು. ಹತ್ತನೆಯ ವರ್ಷ ಅವರು ಬಲಗೈ ಎತ್ತಿ ತೋರಿಸಿ, "ಬೆರಳು ಬಾತು ಬದನೆಕಾಯಿ ಆಗಿತ್ತು. ತಣ್ಣೀರಲ್ಲಿ ಅದ್ಕೊಂಡು ಒತ್ತಿದೀನಿ" ಎಂದರು. ಜನ ಚಪ್ಪಾಳೆ ತಟ್ಟಿದರು. ಲೋಟ ತೊಳೆಯುತ್ತಿದ್ದ ಅತ್ತಿಗೆ ತಮ್ಮ ಬೆರಳುಗಳನ್ನು ನೋಡಿಕೊಂಡರು. ಹೆಸರು ಹೋಗಲಿ, ಮನುಷ್ಯ ಬೆರಳಿನ ಬಾವನ್ನೂ ಬಿಡಲಿಲ್ಲವಲ್ಲ ಎಂದು ಅಂದು ಅವರಿಗೆ ಹೊಟ್ಟೆ ಉರಿಯಿತು. ಅತ್ತಿಗೆಗೆ ನಿಜಕ್ಕೂ ಭಯವಾದದ್ದು ಗಂಡನ ಮುಖ ನೋಡಿದಾಗ. ಅವರು ಸುಳ್ಳು ಹೇಳುತ್ತಿರಲಿಲ್ಲ; ಅಷ್ಟು ಹೊತ್ತಿಗೆ ಅದನ್ನು ನಂಬಿದ್ದರು.

ಈ ವರ್ಷ ಕ್ಲಬ್ಬಿಗೆ ನಲವತ್ತು ತುಂಬಿತು. ವಾಚನಾಲಯದ ಮಹಡಿಯಲ್ಲಿ ಕ್ಲಬ್ಬಿನ ಸೆಟ್ಟು ಇರುವ ಕೋಣೆಗೆ ಯಜಮಾನರ ಹೆಸರಿಟ್ಟು ಹಿತ್ತಾಳೆಯ ಫಲಕ ಹಾಕುವುದೆಂದು ತೀರ್ಮಾನವಾಯಿತು. ಕಾರ್ಯದರ್ಶಿ ಔಷಧಿ ಅಂಗಡಿಯವರು, ಹುಡುಕುವುದರಲ್ಲಿ ನಿಸ್ಸೀಮರು. ಪ್ರವಾಹದ ಮರುವರ್ಷವೇ ವರ್ಗವಾಗಿ ದೂರ ಹೋಗಿದ್ದ ಆ ಸ್ಟೇಷನ್ ಮಾಸ್ತರರನ್ನು ಎಲ್ಲಿಂದಲೋ ಪತ್ತೆ ಹಚ್ಚಿ ಮುಖ್ಯ ಅತಿಥಿಯಾಗಿ ಕರೆದರು.

ಸಮಾರಂಭದ ಹಿಂದಿನ ದಿನ ಮಧ್ಯಾಹ್ನ ಅತ್ತಿಗೆ ಹಸಿರು ಪರದೆಗೆ ಇಸ್ತ್ರಿ ಹಾಕುತ್ತಿದ್ದರು. ಯಜಮಾನರು ಭಾಷಣ ಬರೆಯುತ್ತಿದ್ದರು.

"ನಾಳೆ ಹೇಳಿಬಿಡಿ ರೀ."

"ಏನನ್ನ?"

"ನಿಮಗೆ ಗೊತ್ತು."

ಯಜಮಾನರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. "ಈಗ ಯಾಕೆ ಅದೆಲ್ಲ?"

"ಈಗ ಲೈಸೆನ್ಸ್ ಯಾರೂ ಕಿತ್ಕೊಳ್ಳಲ್ಲ. ಮೂವತ್ತೊಂದು ವರ್ಷ ನಾನೇನಾದ್ರೂ ಕೇಳಿದೀನಾ? ಬೋರ್ಡಿಗೆ ನನ್ನ ಹೆಸರು ಹಾಕಿ ಅನ್ನಲ್ಲ. ಎದ್ದು ನಿಂತು ಒಂದು ಮಾತು, ಇವಳೂ ಒತ್ತಿದಾಳೆ ಅಂತ. ಅಷ್ಟು ಸಾಕು."

ಯಜಮಾನರು "ಆಯ್ತು, ಹೇಳ್ತೀನಿ" ಎಂದರು. ಮಾತಿನಲ್ಲಿ ಕಪಟವಿರಲಿಲ್ಲ. ಹೇಳಬೇಕೆಂದೇ ಅವರಿಗೂ ಆ ಗಳಿಗೆಯಲ್ಲಿ ಇತ್ತು.

ಅತ್ತಿಗೆ ಕಾರ್ಯದರ್ಶಿಯನ್ನು ಕೇಳಿ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಹಾಕಿಸಿಕೊಂಡರು. "ನೀವು ಮುಂದೆ ಕೂತ್ರೆ ಟೀ ಗತಿ ಏನು ಅತ್ತಿಗೆ?" ಎಂದು ಅವರು ನಕ್ಕರು. "ಸಣ್ಣ ಉರಿ ಮೇಲೆ ಇಟ್ಟಿರ್ತೀನಿ," ಎಂದರು ಅತ್ತಿಗೆ.

ಮಾರನೆಯ ದಿನ ಸಭಾಂಗಣ ತುಂಬಿತ್ತು. ಮಾಸ್ತರರಿಗೆ ಎಂಬತ್ತರ ಮೇಲಾಗಿತ್ತು, ಕಣ್ಣಿಗೆ ಪೊರೆ ಬಂದಿತ್ತು, ಕಿವಿ ಮಾತ್ರ ಚುರುಕು. ಫಲಕ ತೆರೆಯುವ ಮೊದಲು ಕಾರ್ಯದರ್ಶಿ ಕೈ ಗುರುತಿಸುವ ಆಟ ಇಟ್ಟಿದ್ದರು. ಪರದೆಯ ಹಿಂದೆ ಐವರಲ್ಲಿ ಯಜಮಾನರೂ ಒಬ್ಬರು. ಮೂವತ್ತೊಂದು ವರ್ಷದ ಹಿಂದಿನ ಕೈಯನ್ನು ಮಾಸ್ತರರು ಹಿಡಿದುಬಿಟ್ಟರೆ ಸಭೆಗೆ ಅದಕ್ಕಿಂತ ರಸಗವಳ ಇನ್ನೇನು? ಆ ಕೈ ಬೇರೆಯವರದ್ದಾಗಿರಬಹುದೆಂದು ಕಾರ್ಯದರ್ಶಿಗೆ ಹೇಗೆ ತಾನೆ ಹೊಳೆಯಬೇಕು.

ಮೊದಲನೆಯವರು ಒತ್ತಿದರು, ಮಾಸ್ತರರು ಸುಮ್ಮನಿದ್ದರು. ಎರಡನೆಯವರಿಗೂ ಸುಮ್ಮನಿದ್ದರು. ಮೂರನೆಯ ಕೈ ಅರ್ಧ ಸಾಲು ಒತ್ತುವಷ್ಟರಲ್ಲಿ ಮಾಸ್ತರರು ಕೈ ಎತ್ತಿದರು.

"ಇವರು. ಚುಕ್ಕಿಗಳು ಬಿಕ್ಕಳಿಸ್ತಾವೆ ನೋಡಿ. ಅವತ್ತೂ ಹೀಗೇ."

ಹುಟ್ಟುಗುಣ ಸುಟ್ಟರೂ ಹೋಗದು. ಪರದೆ ಸರಿಸಿದಾಗ ಅಲ್ಲಿ ಯಜಮಾನರೇ ಕೂತಿದ್ದರು. ಸಭೆ ಎದ್ದು ಚಪ್ಪಾಳೆ ತಟ್ಟಿತು. ಚಪ್ಪಾಳೆ ನಿಲ್ಲುವವರೆಗೆ ಮಾಸ್ತರರು ಕಾದರು.

"ಇವರ ಹತ್ರ ಒಂದೊಂದು ಹೆಸರು ಮೂರು ಮೂರು ಸಲ ಕೇಳಿದೀನಿ, ಪಾಪ," ಎಂದರು. ಜನ ನಕ್ಕರು. "ಇನ್ನೊಬ್ರು ಎಲ್ಲಿ?"

"ಯಾವ ಇನ್ನೊಬ್ರು?" ಎಂದರು ಕಾರ್ಯದರ್ಶಿ.

ಮಾಸ್ತರರು ಚೀಲದಿಂದ ಹಳೆಯ ಲಾಗ್ ಪುಸ್ತಕ ತೆಗೆದು, ಗುರುತಿಟ್ಟ ಪುಟ ಬಿಡಿಸಿ ಅವರ ಕೈಗೆ ಕೊಟ್ಟರು. ಕಾರ್ಯದರ್ಶಿ ಮೈಕಿನಲ್ಲಿ ಓದಿದರು: "ಬೆಳಿಗ್ಗೆ ಹನ್ನೊಂದು ಇಪ್ಪತ್ತು. ಕೈ ಬದಲಾಯಿತು. ಇನ್ನು ಚಿಂತೆಯಿಲ್ಲ."

"ಆಮೇಲೆ ಎರಡು ದಿನ ಅವರದೇ ಕೈ," ಎಂದರು ಮಾಸ್ತರರು. "ಒಂದು ಹೆಸರೂ ತಪ್ಪಿಲ್ಲ. ಪ್ರತಿ ಹೆಸರಿನ ಕೊನೆಗೆ ಒಂಚೂರು ನಿಂತು ಎಳೀತಿದ್ರು, ಗಂಟು ಹಾಕೋ ಹಾಗೆ. ನಾನು ಆ ಹೆಸರುಗಳನ್ನ ಬಸ್ ನಿಲ್ದಾಣದ ಗೋಡೆಗೆ ಅಂಟಿಸ್ತಿದ್ದೆ. ಜನ ಓದಿ ಅಳ್ತಿದ್ರು. ಆ ಕೈ ಇನ್ನೊಂದು ಸಲ ಕೇಳ್ಬೇಕು ಅಂತಲೇ ಈ ವಯಸ್ಸಲ್ಲಿ ಇಷ್ಟು ದೂರ ಬಂದೆ."

ಅತ್ತಿಗೆ ಕುರ್ಚಿಯ ಅಂಚಿಗೆ ಸರಿದರು. ಇದಕ್ಕಿಂತ ಸುಲಭವಾಗಿ ಯಾರೂ ಬಾಗಿಲು ತೆರೆದುಕೊಡಲಾರರು. ಯಜಮಾನರು ಒಂದು ಬೆರಳು ತೋರಿಸಿದರೆ ಸಾಕಿತ್ತು. ತಾನೇ ಎದ್ದು ಹೇಳಬಹುದಿತ್ತು, ಆ ಯೋಚನೆ ಬಾರದೆ ಇರಲಿಲ್ಲ. ಆದರೆ ತಾನು ಹೇಳಿಕೊಂಡರೆ ಅದು ಗಂಡ ಹೆಂಡಿರ ಜಗಳ, ಅವರು ಹೇಳಿದರೆ ನಿಜ. ಕಣ್ಣು ಕೀಳದೆ ಗಂಡನನ್ನೇ ನೋಡಿದರು.

ಯಜಮಾನರೂ ಹೆಂಡತಿಯನ್ನು ನೋಡಿದರು. ಆಮೇಲೆ ತುಂಬಿದ ಸಭೆಯನ್ನು, ಬಟ್ಟೆ ಮುಚ್ಚಿದ ಫಲಕವನ್ನು ನೋಡಿದರು.

"ಅವರು ನನ್ನ ಸ್ನೇಹಿತರೊಬ್ರು," ಎಂದರು. "ಸಹಾಯಕ್ಕೆ ಬಂದಿದ್ರು. ಈಗಿಲ್ಲ."

"ಕೀ ಮೌನ ಆಯ್ತಾ?" ಮಾಸ್ತರರ ದನಿ ಕುಸಿಯಿತು.

"ಆಯ್ತು. ಬಹಳ ವರ್ಷ ಆಯ್ತು."

ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಕಾರ್ಯದರ್ಶಿಗೆ ಇಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಚೆನ್ನಾಗಿ ಗೊತ್ತು. "ಹೆಸರು ತಿಳಿಯದ ಆ ಮಹನೀಯರಿಗಾಗಿ ಎಲ್ಲರೂ ಒಂದು ನಿಮಿಷ ಎದ್ದು ನಿಲ್ಲಬೇಕು," ಎಂದರು.

ಕುರ್ಚಿಗಳು ಸರಿದವು. ಅತ್ತಿಗೆಯ ಕಾಲು ಅಭ್ಯಾಸಬಲದಿಂದ ತಾನಾಗಿ ಹಿಂದಕ್ಕೆ ನಡೆಯಿತು. ಸದ್ದಾಗದಂತೆ ಸ್ಟೌವ್ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ನೆಟ್ಟಗೆ ನಿಂತ ಮೇಲೆಯೇ ತಾನು ಯಾರಿಗಾಗಿ ನಿಂತಿದ್ದೇನೆಂದು ಅವರಿಗೆ ಅರಿವಾದದ್ದು. ಅಷ್ಟು ಜನ ತಲೆ ತಗ್ಗಿಸಿದ್ದರು. ಯಜಮಾನರ ತಲೆ ಎಲ್ಲರಿಗಿಂತ ಕೆಳಗಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಅತ್ತಿಗೆಯ ಬಾಯಲ್ಲಿ ಕಹಿ ತುಂಬಿಕೊಂಡಿತು.

ನಿಮಿಷ ಮುಗಿಯಿತು. ಫಲಕ ತೆರೆಯಿತು, ಚಪ್ಪಾಳೆಯಾಯಿತು. ಕಾರ್ಯದರ್ಶಿ ಹಿಂದಕ್ಕೆ ತಿರುಗಿ, "ಅತ್ತಿಗೇ..." ಎಂದು ರಾಗ ಎಳೆದರು.

"ಟೀ ಇಲ್ಲ," ಎಂದರು ಅತ್ತಿಗೆ.

"ಗ್ಯಾಸ್ ಮುಗೀತಾ?"

"ಇಲ್ಲ. ಆರಿಸಿದೀನಿ."

ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದು ಮನೆಗೆ ನಡೆದರು. ಸಂಜೆ ಯಜಮಾನರು ಬಂದು ಹೊಲಿಗೆ ಯಂತ್ರದ ಎದುರು ನಿಂತರು. "ಬಾಯಿಗೆ ಬಂದುಬಿಡ್ತು," ಎಂದರು. ಅತ್ತಿಗೆ ಸೂಜಿಗೆ ದಾರ ಪೋಣಿಸತೊಡಗಿದಾಗ, "ನೀನೂ ಅಲ್ಲೇ ಇದ್ಯಲ್ಲ. ನೀನೇ ಹೇಳಬಹುದಿತ್ತು" ಎಂದರು.

"ಸತ್ತವರು ಎದ್ದು ಮಾತಾಡೋದು ನಿಮ್ಮ ಕ್ಲಬ್ಬಲ್ಲಿದೆಯಾ?" ಎಂದು ಅತ್ತಿಗೆ ಯಂತ್ರ ತುಳಿದರು.

ಅಂದಿನಿಂದ ಅವರು ಕ್ಲಬ್ಬಿನ ಮೆಟ್ಟಿಲು ಹತ್ತಿಲ್ಲ. ಟೀ ಈಗ ಕ್ಯಾಂಟೀನಿನಿಂದ ಬರುತ್ತದೆ. ಅತ್ತಿಗೆಯ ಕೈರುಚಿ ಇಲ್ಲವೆಂದು ಮೊದಮೊದಲು ಎಲ್ಲರೂ ಗೊಣಗಿದರು, ಆಮೇಲೆ ಅದೂ ನಿಂತಿತು. ಯಜಮಾನರು ಗಾಳಿಯಲ್ಲಿ ಹೊಸಬರಾರಾದರೂ ಸಿಕ್ಕರೆ ಪ್ರವಾಹದ ಕತೆ ಹೇಳುವುದನ್ನು ಬಿಟ್ಟಿಲ್ಲ. ಪಕ್ಕದ ಕೋಣೆಯಲ್ಲಿ ಸಮವಸ್ತ್ರಕ್ಕೆ ಗುಂಡಿ ಹಾಕುತ್ತ ಅತ್ತಿಗೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾರೆ. ಕತೆಯಲ್ಲಿ ಈಗ ಸ್ನೇಹಿತನೂ ಇದ್ದಾನೆ. ಎತ್ತರದ ಆಳು, ಬಲು ಒಳ್ಳೆಯವನು, ಪಾಪ ಬೇಗ ಹೋದ. ಕಳೆದ ವಾರ ಅವನಿಗೆ ಮೀಸೆಯೂ ಬಂದಿದೆ.