ಹಳೇ ಟ್ಯೂಬಿನ ತಾರೀಕು

ನಮ್ಮ ಮನೆಯವರಿಗೆ ಮದುವೆಯಾದ ದಿನ ನೆನಪಿರುವುದಿಲ್ಲ. ಯಾರ ಮನೆಗೆ ಯಾವತ್ತು ಟ್ಯೂಬ್‌ಲೈಟ್ ಹಾಕಿದ್ದು ಎಂದು ಕೇಳಿ, ಥಟ್ಟನೆ ಹೇಳುತ್ತಾರೆ. ವೈರಿಂಗ್ ಕೆಲಸಕ್ಕೆ ಇಳಿದಾಗಿನಿಂದ ಅವರದೊಂದು ಚಾಳಿ: ಹೊಸ ಟ್ಯೂಬಿನ ತುದಿಯ ಕ್ಯಾಪಿನ ಮೇಲೆ ಮೊಳೆಯಿಂದ ತಾರೀಕು ಗೀಚುವುದು. ಏಳರ ಕಾಲಿಗೊಂದು ಅಡ್ಡಗೆರೆ ಬೇರೆ. ಯಾರೂ ಅದನ್ನು ಒಂದು ಎಂದು ಓದಬಾರದಂತೆ.

ಈಗ ಮಂಡಿ ಕೈಕೊಟ್ಟಿದೆ. ಹೊಸದು ಹಾಕುವುದಕ್ಕಿಂತ ಕೆಟ್ಟದ್ದನ್ನು ಒಟ್ಟುಮಾಡುವುದೇ ಹೆಚ್ಚು. ಮನೆಮನೆಯ ಹಳೇ ಟ್ಯೂಬುಗಳನ್ನು ಉದ್ದನೆಯ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ತಿಂಗಳಿಗೊಮ್ಮೆ ಬರುವ ಗಾಡಿಗೆ ಕೊಡುತ್ತಾರೆ. ಗಾಜು, ಲೋಹ, ಪಾದರಸ ಎಲ್ಲವನ್ನೂ ಬೇರೆ ಮಾಡಿ ಮತ್ತೆ ಬಳಸುತ್ತಾರಂತೆ. "ಇಷ್ಟು ವರ್ಷ ಚರಂಡಿ ಪಕ್ಕ ಒಡೆದು ಬಿಸಾಕ್ತಿದ್ದೆ ಕಣೇ" ಎಂದು ಒಮ್ಮೆ ಹೇಳಿ ಮುಖ ತಿರುಗಿಸಿದ್ದರು. ಏಣಿ ಹಿಡಿಯಲು ನಾನು. ಗೊಣಗಿಕೊಂಡೇ ಹೋಗುತ್ತೇನೆ, ಹೋಗದ ದಿನವಿಲ್ಲ.

ಮೊನ್ನೆ ಟೈಲರಕ್ಕನ ಮನೆಗೆ ಹೋಗಿದ್ದೆವು. ಅವರ ಗಂಡ ನಮ್ಮವರ ಜೊತೆಗೇ ಇಪ್ಪತ್ತು ವರ್ಷ ಕೆಲಸ ಮಾಡಿದವರು. ತೀರಿಕೊಂಡು ಎರಡು ವರ್ಷವಾಯಿತು. ಹೊಲಿಗೆ ಮಷೀನಿನ ಮೇಲಿದ್ದ ಟ್ಯೂಬ್ ಕೆಟ್ಟಿತ್ತು. ಅಕ್ಕ ಅದನ್ನು ಬಿಚ್ಚಿಸಿ ಮೂಲೆಗೆ ಒರಗಿಸಿದ್ದರು. ನೆಲದ ಮೇಲೆ ಅಂಬೆಗಾಲಿಡುವ ಮೊಮ್ಮಗಳು, ಸಿಕ್ಕಿದ್ದನ್ನೆಲ್ಲ ಹಿಡಿದೆಳೆಯುವ ವಯಸ್ಸು.

"ಇದು ಒಡೆದ್ರೆ ಒಳಗಿನ ಪಾದರಸ ಮಗುಗೆ ಒಳ್ಳೇದಲ್ಲ ಅಕ್ಕ. ಕೊಟ್ಬಿಡಿ" ಎಂದರು ಇವರು.

"ಗೊತ್ತಣ್ಣ. ಆದ್ರೆ ಹೇಗೆ ಕೊಡ್ಲಿ? ನೋಡಿ, ನಮ್ಮೋರು ಬರೆದಿರೋ ತಾರೀಕು. ಅವರ ಕೈಬರಹ ಅಂತ ಮನೇಲಿ ಇರೋದು ಇದೊಂದೇ."

ಕ್ಯಾಪ್ ನೋಡಿದೆ. ಎರಡು ಏಳು, ಎರಡಕ್ಕೂ ಅಡ್ಡಗೆರೆ. ಅಕ್ಕನ ಗಂಡ ಟ್ಯೂಬ್ ಹಾಕಿರಬಹುದು, ತಾರೀಕು ಗೀಚಿದ್ದು ನಮ್ಮವರೇ. ಹಾಗೆಂದು ಒಂದು ಮಾತು ಹೇಳಿದ್ದರೆ ಟ್ಯೂಬ್ ಆಗಲೇ ಪೆಟ್ಟಿಗೆ ಸೇರುತ್ತಿತ್ತು, ಅಕ್ಕನ ಬಳಿ ಏನೂ ಉಳಿಯುತ್ತಿರಲಿಲ್ಲ. ಇವರು ತುಟಿ ಬಿಚ್ಚಲಿಲ್ಲ. ಆ ಗಳಿಗೆಯಲ್ಲಿ ಈ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದು ಅವರಿಗೆ ಇವತ್ತಿಗೂ ಹೇಳಿಲ್ಲ, ಹೇಳಿದರೆ ತಲೆಯ ಮೇಲೆ ಕೂರುತ್ತಾರೆ.

"ಕ್ಯಾಪ್ ಮಾತ್ರ ಕಿತ್ತುಕೊಡಿ ಅಣ್ಣ."

"ಕಿತ್ರೆ ಗಾಜು ಒಡೆಯುತ್ತೆ. ಒಂದು ತೆಳು ಕಾಗದ ಕೊಡಿ, ಪೆನ್ಸಿಲ್ ಕೊಡಿ."

ಕ್ಯಾಪಿಗೆ ಕಾಗದ ಸುತ್ತಿ ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿದರು. ಕಪ್ಪಿನ ನಡುವೆ ತಾರೀಕು ಬೆಳ್ಳಗೆ ಮೂಡಿತು. ಅಕ್ಕ ಅದನ್ನು ಮಷೀನಿನ ಡ್ರಾಯರಿನಲ್ಲಿಟ್ಟು, ಟ್ಯೂಬಿಗೆ ತಾವೇ ಬಟ್ಟೆ ಸುತ್ತಿ ನಮ್ಮ ಪೆಟ್ಟಿಗೆಗೆ ಹಾಕಿದರು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಹೊಸ ಟ್ಯೂಬ್ ತೆಗೆದಾಗ ಅಕ್ಕ, "ಇದಕ್ಕೂ ತಾರೀಕು ಹಾಕಿ ಅಣ್ಣ" ಎಂದರು. ಅಂದು ಹದಿನೇಳು. ಗೆರೆ ಎಳೆಯಬೇಡಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನಲವತ್ತು ವರ್ಷ ಪಳಗಿದ ಕೈ ಕೇಳಬೇಕಲ್ಲ, ಎಳೆದೇಬಿಟ್ಟಿತು.

ಅಕ್ಕ ಅದನ್ನು ನೋಡಿದರು. ಡ್ರಾಯರಿನಿಂದ ಕಾಗದ ತೆಗೆದು ಅದನ್ನೂ ನೋಡಿದರು. ಇವರು ಕೈಯಲ್ಲಿದ್ದ ಮೊಳೆಯನ್ನು ಮೆಲ್ಲಗೆ ಜೇಬಿಗಿಳಿಸಿದರು.

"ನಮ್ಮೋರಿಗೆ ಅಂಕಿ ಬರೆಯೋದು ಕಲಿಸಿದ್ದು ನೀವೇ ಅಲ್ವಾ ಅಣ್ಣ?"

"ಹೌದಕ್ಕ" ಎಂದರು ಇವರು.

"ಚೆನ್ನಾಗಿ ಕಲಿಸಿದ್ದೀರಿ." ಅಕ್ಕ ಕಾಗದವನ್ನು ಮಡಿಸಿ ಮತ್ತೆ ಡ್ರಾಯರಿನಲ್ಲಿಟ್ಟರು. "ಏಣಿ ಹತ್ತಿ ಈಗ. ಮಗುವಿನ ಫ್ರಾಕ್ ಇವತ್ತೇ ಮುಗಿಸಬೇಕು, ನಂಗೆ ಬೆಳಕು ಬೇಕು."